ಯಾದಗಿರಿಯ ನಮ್ಮ ಮನೆಯಲ್ಲಿ ಅಜ್ಜಿ ಹಾಡಿದ್ದನ್ನು ಕ್ಯಾಸೆಟ್ಟಿನಿಂದ ಎಂಪಿ3 ಮಾಡಿಸಿದ್ದೆವು. ಆ ಹಳೆ ಎಂಪಿ3 ಹಾಡುಗಳನ್ನು ಫ್ಲಾಕ್ ಮಾಡಿದರೆ ಕ್ವಾಲಿಟಿ ಹೆಚ್ಚುತ್ತಾ? ಯಾವ ಸಾಫ್ಟ್‌ವೇರ್ ಒಳ್ಳೆಯದು?

ಹೆಚ್ಚಲ್ಲ. ಫ್ಲಾಕ್ ಅಂದ್ರೆ ಎಂಪಿ3 ಥರದ್ದೇ ಇನ್ನೊಂದು ಧ್ವನಿ ಫೈಲ್ ನಮೂನೆ, ಅಷ್ಟೇ. ಸಾಫ್ಟ್‌ವೇರ್ ಮಾತು ಆಮೇಲೆ. ಅಜ್ಜಿಯ ಹಾಡು, ಕ್ಯಾಸೆಟ್ಟಿನಿಂದ ಮಾಡಿಸಿದ ಎಂಪಿ3 ಅಂತ ಬರೆದಿದ್ದೀರಿ. ಆ ಕ್ಯಾಸೆಟ್ಟು ಯಾದಗಿರಿಯ ಮನೆಯಲ್ಲಿ ಇನ್ನೂ ಇದೆಯಾ? ಮೊದಲು ಅದನ್ನು ಹುಡುಕಿ.

ನಮ್ಮ ಮುತ್ಯಾ ತತ್ವಪದ ಹಾಡುತ್ತಿದ್ದರು. ಜೇವರ್ಗಿ ಕಡೆಯ ಹಳ್ಳಿ. ಏಕತಾರಿ, ದಮ್ಮಡಿ, ತಾಳ, ಅಷ್ಟೇ. ಭಜನೆ ಕೂತಾಗಲೆಲ್ಲ ನಮ್ಮ ಕಾಕಾ ಟೇಪ್ ರೆಕಾರ್ಡರ್ ಹಚ್ಚಿಡುತ್ತಿದ್ದರು. ಮುತ್ಯಾ ಹೋದ ಮೇಲೆ ಕಲಬುರಗಿಯ ಒಂದು ಅಂಗಡಿಯಲ್ಲಿ ಅಷ್ಟನ್ನೂ ಎಂಪಿ3 ಮಾಡಿಸಿದೆ. 128 ಕೆಬಿಪಿಎಸ್, ಅಂದ್ರೆ ಸೆಕೆಂಡಿಗೆ 128 ಕಿಲೋಬಿಟ್. ಎಲ್ಲಾ ಒಂದೇ ಸೀಡಿಯಲ್ಲಿ ಹಿಡಿಸಿತಲ್ಲ ಅಂತ ಖುಷಿಯೋ ಖುಷಿ.

ಮುಂದೆ ಎಲ್ಲೋ ಫ್ಲಾಕ್ ಬಗ್ಗೆ ಓದಿದೆ. ಲಾಸ್‌ಲೆಸ್, ಏನೂ ಕಳೆದುಹೋಗಲ್ಲ ಅಂತಿತ್ತು. ಕೂತು ಎಲ್ಲವನ್ನೂ ಬದಲಾಯಿಸಿದೆ. ಫೈಲು ಮೂರ್ನಾಲ್ಕು ಪಟ್ಟು ಉಬ್ಬಿದವು. ದೊಡ್ಡದಾಯಿತು, ಅಂದ್ರೆ ಒಳ್ಳೆಯದಾಯಿತು ಅಂದುಕೊಂಡೆ. ದೀಪಾವಳಿಗೆ ಸುಣ್ಣ ಹೊಡೆಸುವಾಗ ಅವ್ವ ಕ್ಯಾಸೆಟ್ ಡಬ್ಬಿ ಹಿಡಿದು "ಇದೇನ್ ಮಾಡ್ಲಿ?" ಅಂದಳು. "ಗುಜರಿಗೆ ಹಾಕು, ಎಲ್ಲಾ ಕಂಪ್ಯೂಟರ್‌ನಾಗ ಅದ" ಅಂದೆ.

ಸೀಡಿ ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 1411 ಕಿಲೋಬಿಟ್ ಬೇಕು. ಅದನ್ನು 128ಕ್ಕೆ ಇಳಿಸುವಾಗ ಎಂಪಿ3 ಬರೀ ಒತ್ತಿ ಮಡಚಿಡಲ್ಲ, ಎಸೆಯುತ್ತದೆ. ಜೋರು ಸದ್ದಿನ ಪಕ್ಕದ ಸಣ್ಣ ಸದ್ದು, ತೀರಾ ಮೇಲಿನ ಸ್ವರ, ಹೀಗೆ ಕಿವಿಗೆ ಗೊತ್ತಾಗಲ್ಲ ಅಂತ ಅದಕ್ಕೆ ಅನ್ನಿಸಿದ್ದೆಲ್ಲ ಔಟ್. ಫ್ಲಾಕ್ ಏನನ್ನೂ ಕಳೆಯಲ್ಲ, ನಿಜ. ಆದರೆ ನೀವು ಕೊಟ್ಟಿದ್ದನ್ನು ಮಾತ್ರ. ಮೊದಲೇ ಎಸೆದದ್ದು ಅದಕ್ಕೆ ಎಲ್ಲಿಂದ ಸಿಗಬೇಕು? ಬೇಳೆ ಒಡೆಸಿದ ತೊಗರಿಯನ್ನು ಬೀಜದ ಚೀಲಕ್ಕೆ ತುಂಬಿದರೆ ಮೊಳಕೆ ಬರುತ್ತಾ? ನಾನು ಬೇಳೆ ಇಟ್ಟುಕೊಂಡು ತೊಗರಿಯನ್ನೇ ಗುಜರಿಗೆ ಹಾಕಿದ್ದೆ.

ಗೊತ್ತಾಗಿದ್ದು ಆಡಾಸಿಟಿ ಅನ್ನುವ ಧ್ವನಿ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಟೇಪಿನ 'ಸ್ಸ್' ಸದ್ದು ತೆಗೆಯಲು ಹೋದಾಗ. ತಾಳದ ಝಣತ್ಕಾರ ಹೋಗಿ ಚುಳುಚುಳು ಅನ್ನತೊಡಗಿತು. ಯಾವ ಸ್ವರ ಎಷ್ಟಿದೆ ಅಂತ ತೋರಿಸುವ ಚಿತ್ರ, ಸ್ಪೆಕ್ಟ್ರೋಗ್ರಾಂ, ತೆರೆದು ನೋಡಿದರೆ 16 ಕಿಲೋಹರ್ಟ್ಸ್ ಮೇಲೆ, ಅಂದ್ರೆ ತೀರಾ ಮೇಲಿನ ಸ್ವರಗಳ ಜಾಗ, ಪೂರ್ತಿ ಖಾಲಿ. ಟೇಪಿನ ಆ ಸದ್ದು ಕೂಡ ಅಲ್ಲಿಗೆ ಗೆರೆ ಎಳೆದಂತೆ ನಿಂತಿತ್ತು.

ಇನ್ನು ಸಾಫ್ಟ್‌ವೇರ್. ಯಾವುದಾದರೂ ಆಗಬಹುದು, ಸತ್ಯವಾಗಿ. ಫ್ಲಾಕ್‌ಗೆ ಬದಲಾಯಿಸುವುದರಲ್ಲಿ ಒಂದಕ್ಕಿಂತ ಇನ್ನೊಂದು ಚೆನ್ನಾಗಿ ಕೇಳಿಸಲ್ಲ. 'ಎಂಪಿ3ಯನ್ನು 24 ಬಿಟ್ ಎಚ್‌ಡಿ ಮಾಡ್ತೀವಿ' ಅನ್ನುವವರಿಗೆ ಒಂದು ರೂಪಾಯಿನೂ ಕೊಡಬೇಡಿ. ಎಂಪಿ3 ಇದ್ದ ಹಾಗೇ ಇರಲಿ, ಎರಡು ಕಡೆ ಕಾಪಿ ಇಡಿ. ಕತ್ತರಿಸಿ, ಜೋಡಿಸಿ ತಿದ್ದುವುದಿದ್ದರೆ ಮಾತ್ರ ತಿದ್ದಿದ್ದನ್ನು ಫ್ಲಾಕ್‌ನಲ್ಲಿ ಸೇವ್ ಮಾಡಿ. ಮತ್ತೆ ಎಂಪಿ3 ಮಾಡಿದರೆ ಇನ್ನಷ್ಟು ಹೋಗುತ್ತದೆ.

ಕ್ಯಾಸೆಟ್ ಸಿಕ್ಕರೆ ಈ ಪ್ರಶ್ನೆಯೇ ಬೇಡ. ಒಳ್ಳೆ ಕ್ಯಾಸೆಟ್ ಡೆಕ್ ಹುಡುಕಿ, ಟೇಪು ತಾಗುವ ಹೆಡ್ ಒರೆಸಿ, ಲೈನ್ ಔಟ್‌ನಿಂದ ಕಂಪ್ಯೂಟರ್‌ಗೆ ವೈರ್ ಕೊಡಿ. 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೋ ವೇವ್ (ಧ್ವನಿಯನ್ನು ಒತ್ತದೆ ಇದ್ದ ಹಾಗೇ ಇಡುವ) ಫೈಲ್ ಮಾಡಿ. ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಆಮೇಲೆ ಅದನ್ನು ಫ್ಲಾಕ್ ಮಾಡಿ, ಹೆಚ್ಚು ಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಅಂಗಡಿಗೆ ಕೊಟ್ಟರೂ ವೇವ್ ಬೇಕು ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಎಂಪಿ3ಯೇ ಕೈಗಿಡುತ್ತಾರೆ. ನಮ್ಮ ಕಡೆಯ ಬೇಸಿಗೆಯ ಕಾವು ಟೇಪಿಗೆ ಒಳ್ಳೆಯದಲ್ಲ, ಆದಷ್ಟು ಬೇಗ ಮುಗಿಸಿಬಿಡಿ.