ವಿಮಾನ ನಿರ್ವಹಣೆಯಲ್ಲಿ ಸೇಫ್ಟಿ ರಿಪೋರ್ಟ್‌ಗಳೇ ಬರುತ್ತಿಲ್ಲ, ತಲೆಗೆ ಇಷ್ಟು ಅಂತ ಟಾರ್ಗೆಟ್ ಇಡಬಹುದಾ?

ಟಾರ್ಗೆಟ್ ಇಡಬೇಡಿ. ಬಹುಮಾನವೂ ಬೇಡ, ಹೊಸ ಆ್ಯಪ್ ಕೂಡ ಬೇಡ. ಸುರಕ್ಷತಾ ನಿರ್ವಹಣಾ ವ್ಯವಸ್ಥೆ ಶುರುವಾಗಿ ಆರು ತಿಂಗಳಾದರೂ ವಿಮಾನ ರಿಪೇರಿ ಮಾಡುವ ಹ್ಯಾಂಗರ್‌ನಿಂದ ಯಾರೂ ತಮ್ಮ ತಪ್ಪು, ಕಂಡ ಅಪಾಯ ಏನನ್ನೂ ಬರೆದುಕೊಡುತ್ತಿಲ್ಲ, ತಿಂಗಳಿಗೆ ತಲಾ ಎರಡು ರಿಪೋರ್ಟ್ ಕಡ್ಡಾಯ ಮಾಡಲಾ ಎಂದು ಕೇಳಿದ್ದೀರಿ. ನಾನೂ ಅದೇ ಕುರ್ಚಿಯಲ್ಲಿ ಕೂತು ಅಂಥದೇ ಖಾಲಿ ಪಟ್ಟಿ ನೋಡಿದವನು. ಆದರೆ ನನ್ನ ಪಟ್ಟಿ ಮೊದಲು ಖಾಲಿ ಇರಲಿಲ್ಲ. ಖಾಲಿ ಮಾಡಿದವನು ನಾನೇ.

ಹದಿನಾಲ್ಕು ವರ್ಷ ಎಂಜಿನ್ ಕೆಳಗೆ ಕೆಲಸ ಮಾಡಿದ ಮೇಲೆ ನನ್ನನ್ನು ಸೇಫ್ಟಿ ಮ್ಯಾನೇಜರ್ ಮಾಡಿದರು. ಹುಡುಗರೆಲ್ಲ ಪರಿಚಯದವರು. ಹಾಗಾಗಿ ಮೊದಲ ತಿಂಗಳಿಂದಲೇ ಹತ್ತು, ಹನ್ನೊಂದು ರಿಪೋರ್ಟ್ ಬರುತ್ತಿದ್ದವು. ಅದರಲ್ಲಿ ಒಂದು ಚಿಪ್ ಡಿಟೆಕ್ಟರ್ ಬಗ್ಗೆ.

ನಿಮಗೆ ಗೊತ್ತಿರುತ್ತದೆ, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಎಂಜಿನ್ ಆಯಿಲ್ ಹರಿಯುವ ದಾರಿಯಲ್ಲಿ ಕೂರುವ ಚಿಕ್ಕ ಪ್ಲಗ್ ಅದು. ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಒಳಗೆ ಬೇರಿಂಗೋ ಗೇರೋ ಸವೆಯುತ್ತಿದ್ದರೆ ಲೋಹದ ಚೂರು ಬಂದು ಅಂಟಿಕೊಳ್ಳುತ್ತದೆ. ಪ್ಲಗ್‌ನ ಕುತ್ತಿಗೆಗೆ ತೆಳ್ಳನೆಯ ರಬ್ಬರ್ ಉಂಗುರ ಹಾಕಬೇಕು, ಓ-ರಿಂಗ್. ಅದನ್ನು ಹಾಕದಿದ್ದರೂ ನಮ್ಮ ಪ್ಲಗ್ ಸಲೀಸಾಗಿ ಕೂರುತ್ತಿತ್ತು, ಲಾಕ್ ಕೂಡ ಆಗುತ್ತಿತ್ತು. ಕೈಗೆ ಏನೂ ಗೊತ್ತಾಗುತ್ತಿರಲಿಲ್ಲ. ಎಂಜಿನ್ ಓಡಿದ ಮೇಲೇ ಆಯಿಲ್ ಸೋರುವುದು.

ನಮ್ಮ ಟೆಕ್ನಿಷಿಯನ್ ಒಬ್ಬರು ಬರೆದಿದ್ದು ಇಷ್ಟು: ಸ್ಟೋರ್ಸ್‌ನಿಂದ ಬರುವ ಪ್ಲಗ್‌ಗಳಲ್ಲಿ ಕೆಲವಕ್ಕೆ ಓ-ರಿಂಗ್ ಹಾಕಿಯೇ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ರಾತ್ರಿ ಮೂರು ಗಂಟೆಗೆ ಉಂಗುರವಿಲ್ಲದ್ದನ್ನೇ ಹಾಕಲು ಹೊರಟಿದ್ದೆ. ಬಟ್ಟೆ ಮೇಲೆ ಹಳೇ ಪ್ಲಗ್‌ನ ಉಂಗುರ ಕಣ್ಣಿಗೆ ಬಿತ್ತು, ನೆನಪಾಯ್ತು. ನಾಳೆ ಬೇರೆಯವರಿಗೆ ಕಣ್ಣಿಗೆ ಬೀಳದೇ ಇರಬಹುದು, ದಯವಿಟ್ಟು ಸ್ಟೋರ್ಸ್‌ನಲ್ಲಿ ಸರಿ ಮಾಡಿಸಿ.

ಇದಕ್ಕಿಂತ ಒಳ್ಳೆಯ ರಿಪೋರ್ಟ್ ಇನ್ನೊಂದಿಲ್ಲ. ಈಸ್ಟರ್ನ್ ಏರ್‌ಲೈನ್ಸ್ 855 ನೆನಪಿದೆಯಾ? 1983ರ ಮೇ 5, ಮಯಾಮಿಯಿಂದ ನಸ್ಸಾವ್‌ಗೆ ಹೊರಟಿದ್ದ ಲಾಕ್‌ಹೀಡ್ ಎಲ್-1011. ಹಿಂದಿನ ರಾತ್ರಿ ಮೂರೂ ಎಂಜಿನ್‌ಗಳಿಗೆ ಚಿಪ್ ಡಿಟೆಕ್ಟರ್ ಬದಲಿಸಿದ್ದರು, ಒಂದಕ್ಕೂ ಓ-ರಿಂಗ್ ಹಾಕಿರಲಿಲ್ಲ. ಒಂದೊಂದಾಗಿ ಮೂರೂ ನಿಂತವು. 172 ಜನರಿದ್ದ ವಿಮಾನ ಎಂಜಿನ್ ಇಲ್ಲದೆ ಸುಮಾರು 13,000 ಅಡಿಯಿಂದ 4,000 ಅಡಿಗೆ ಇಳಿಯಿತು. ಮೊದಲು ನಿಲ್ಲಿಸಿದ್ದ ಎಂಜಿನ್ ಮತ್ತೆ ಹೊತ್ತಿಕೊಂಡಿದ್ದಕ್ಕೆ ಎಲ್ಲರೂ ಬದುಕಿದರು. ತನಿಖೆ ಮಾಡಿದ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ, ಮೆಕ್ಯಾನಿಕ್‌ಗಳ ತಪ್ಪು ಹೇಳಿ ಸುಮ್ಮನಾಗಲಿಲ್ಲ. ಇಂಥವೇ ಘಟನೆಗಳು ಮೊದಲೂ ಆಗಿದ್ದವು, ಆಡಳಿತ ಅವನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂದೂ ಬರೆಯಿತು.

ಅಂಥದ್ದೇ ಮುನ್ಸೂಚನೆ ನನ್ನ ಮೇಜಿನ ಮೇಲಿತ್ತು. ನಾನು ಏನು ಮಾಡಿದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ.

ತಿಂಗಳ ಮೀಟಿಂಗ್‌ಗೆ ಸ್ಲೈಡ್ ಮಾಡಿದೆ. ಬರೆದವರ ಹೆಸರು ತೆಗೆದೆ. ತೆಗೆದಾಯ್ತಲ್ಲ, ಇನ್ನೇನು ಅಂದುಕೊಂಡೆ. ಆದರೆ ತಾರೀಕು ಹಾಗೇ ಉಳಿಸಿದೆ. ನೈಟ್ ಶಿಫ್ಟ್ ಅನ್ನುವುದನ್ನು ಉಳಿಸಿದೆ. ವಿಮಾನದ ರಿಜಿಸ್ಟ್ರೇಷನ್ ಉಳಿಸಿದೆ. ಎಡಗಡೆ ಎಂಜಿನ್ ಅನ್ನುವುದನ್ನೂ ಉಳಿಸಿದೆ. ಯಾಕೆ? ಯಾವಾಗ ಆಯ್ತು, ಯಾವ ವಿಮಾನ ಅಂತ ಯಾರಾದರೂ ಕೇಳಿದರೆ ತಡವರಿಸಬಾರದು ಅಂತ. ವಿವರ ಜಾಸ್ತಿ ಇದ್ದರೆ ನಂಬುತ್ತಾರೆ ಅಂತ. ಹೆಸರು ಅಂದರೆ ಹೆಸರು ಮಾತ್ರ ಅಂದುಕೊಂಡಿದ್ದೆ. ನಮ್ಮ ಕೆಲಸದಲ್ಲಿ ಹಾಗಲ್ಲ. ಪ್ರತಿ ಕೆಲಸಕ್ಕೂ ಟಾಸ್ಕ್ ಕಾರ್ಡ್ ಇರುತ್ತದೆ, ಪ್ರತಿ ಕಾರ್ಡಿನ ಮೇಲೆ ಮಾಡಿದವರ ಸ್ಟ್ಯಾಂಪ್ ಇರುತ್ತದೆ. ತಾರೀಕು, ರಿಜಿಸ್ಟ್ರೇಷನ್, ಕೆಲಸ, ಈ ಮೂರು ಕೊಟ್ಟರೆ ರೆಕಾರ್ಡ್ಸ್ ವಿಭಾಗದಲ್ಲಿ ಐದು ನಿಮಿಷದಲ್ಲಿ ಮನುಷ್ಯ ಸಿಗುತ್ತಾನೆ. ಹದಿನಾಲ್ಕು ವರ್ಷ ಆ ಕಾರ್ಡುಗಳಿಗೆ ಸ್ಟ್ಯಾಂಪ್ ಒತ್ತಿದ ನನಗೆ ಅದು ಹೊಳೆಯಲಿಲ್ಲ. ಸ್ಲೈಡನ್ನು ಮೊದಲು ಅವರಿಗೇ ತೋರಿಸಿ "ಇದು ಸರಿನಾ?" ಅಂತ ಕೇಳಿದ್ದರೆ ಎರಡು ನಿಮಿಷದ ಕೆಲಸ. ಕೇಳಲಿಲ್ಲ.

ಮೀಟಿಂಗ್‌ನಲ್ಲಿ ಮೇಲಿನವರೊಬ್ಬರು "ಇದನ್ನ ನಾನು ನೋಡ್ಕೋತೀನಿ" ಅಂದರು. ಸ್ಟೋರ್ಸ್ ನೋಡಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಟಾಸ್ಕ್ ಕಾರ್ಡ್ ತರಿಸಿದರು. ಆ ವಾರವೇ ಆ ಟೆಕ್ನಿಷಿಯನ್‌ಗೆ ಮೆಮೊ, ಒಂದು ತಿಂಗಳು ಎಂಜಿನ್ ಕೆಲಸ ಬಂದ್. ಸ್ಟೋರ್ಸ್‌ನಲ್ಲಿ ಏನೂ ಬದಲಾಗಲಿಲ್ಲ.

ಮುಂದಿನ ತಿಂಗಳು ಎರಡು ರಿಪೋರ್ಟ್ ಬಂದವು. ಆಮೇಲೆ ಸೊನ್ನೆ. ಮೀಟಿಂಗ್‌ನಲ್ಲಿ ಸೊನ್ನೆ ನೋಡಿ ಅಭಿನಂದನೆ ಹೇಳಿದರು! ನಾನೂ ನಿಮ್ಮ ಹಾಗೇ ಆ್ಯಪ್, ಬಹುಮಾನ, ಟಾರ್ಗೆಟ್ ಎಲ್ಲ ಮಾಡಿದೆ. ಟಾರ್ಗೆಟ್ ಇಟ್ಟ ತಿಂಗಳು ರಾಶಿ ಬಂತು: ಟ್ಯೂಬ್‌ಲೈಟ್ ಹೋಗಿದೆ, ನೆಲ ಒದ್ದೆ ಇದೆ, ಏಣಿಯ ಬಣ್ಣ ಕಿತ್ತಿದೆ. ಒಂದರಲ್ಲೂ ಒಬ್ಬ ಮನುಷ್ಯ "ನಾನು ತಪ್ಪಿದೆ" ಅಂತ ಬರೆದಿರಲಿಲ್ಲ.

ಕೆಲವು ತಿಂಗಳ ನಂತರ ಇನ್ನೊಂದು ವಿಮಾನದ ಎಂಜಿನ್ ಗ್ರೌಂಡ್ ರನ್ ಮಾಡುವಾಗ, ಅಂದರೆ ನೆಲದ ಮೇಲೇ ಓಡಿಸಿ ನೋಡುವಾಗ, ಎಂಜಿನ್ ಹೊದಿಕೆಯಾದ ಕೌಲಿಂಗ್ ಕೆಳಗೆ ಆಯಿಲ್ ತೊಟ್ಟಿಕ್ಕಿತು. ಬಿಚ್ಚಿ ನೋಡಿದರೆ ಅದೇ ಪ್ಲಗ್, ಓ-ರಿಂಗ್ ಇಲ್ಲ. ಲೀಕ್ ಚೆಕ್ ಸರಿಯಾಗಿ ಮಾಡಿದ್ದಕ್ಕೆ ನೆಲದ ಮೇಲೇ ಸಿಕ್ಕಿತು. ವಿಚಾರಿಸಿದಾಗ ಇನ್ನೂ ಮೂವರಿಗೆ ಉಂಗುರವಿಲ್ಲದ ಪ್ಲಗ್ ಸಿಕ್ಕಿತ್ತು ಅಂತ ಗೊತ್ತಾಯ್ತು. ಯಾಕೆ ಹೇಳಲಿಲ್ಲ ಎಂದೆ. "ಬರೆದೋರಿಗೆ ಏನಾಯ್ತು ಅಂತ ನೋಡಿದ್ವಲ್ಲ ಸರ್" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಮಾಮೂಲಿ ಮಾತಿನ ಹಾಗೆ ಹೇಳಿದರು. ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಿಂದ ಶುರುವಾಗಿದೆ ಅನ್ನುತ್ತೇನೆ. ಹ್ಯಾಂಗರ್‌ನಲ್ಲಿ ಮಾಹಿತಿಗೆ ಬರ ಇಲ್ಲ. ಲಾಕರ್ ಹತ್ತಿರ ನಿಂತರೆ ಎಲ್ಲವೂ ಕಿವಿಗೆ ಬೀಳುತ್ತದೆ. ನಿಮ್ಮ ತನಕ ಬರುತ್ತಿಲ್ಲ, ಅಷ್ಟೇ. ಅದಕ್ಕೆ ಕಾರಣ ಅವರಲ್ಲಿ ಹುಡುಕಬೇಡಿ.

ನಾನು ಮಾಡಿದ್ದು: ಮೊದಲು ಆ ಟೆಕ್ನಿಷಿಯನ್ ಹತ್ತಿರ ಇಡೀ ಶಿಫ್ಟ್ ಎದುರಿಗೆ ಕ್ಷಮೆ ಕೇಳಿದೆ. ಅವರು ತಲೆಯಾಡಿಸಿದರು, ಆಮೇಲೆ ಒಂದು ಸಾಲೂ ಬರೆದುಕೊಡಲಿಲ್ಲ. ಅದು ಅವರ ಹಕ್ಕು. ಎರಡನೆಯದು, ರಿಪೋರ್ಟ್ ಬರೆದವರ ಮೇಲೆ ಕ್ರಮ ಬೇಕೋ ಬೇಡವೋ ಅನ್ನುವುದನ್ನು ಅವರ ಮೇಲಧಿಕಾರಿ ಒಬ್ಬರೇ ತೀರ್ಮಾನಿಸಬಾರದು ಅಂತ, ಸಂಸ್ಥೆಯ ಸುರಕ್ಷತೆಗೆ ಅಂತಿಮ ಹೊಣೆ ಹೊತ್ತ ಅಕೌಂಟಬಲ್ ಮ್ಯಾನೇಜರ್ ಸಹಿ ಹಾಕಿಸಿದೆ. ಗೊತ್ತಿದ್ದೂ ಬೇಕಂತಲೇ ನಿಯಮ ಮುರಿದರೆ ಬೇರೆ, ಕೈತಪ್ಪಿದರೆ ಬೇರೆ. ಇದು ನನ್ನ ಸ್ವಂತ ಕಲ್ಪನೆಯಲ್ಲ. 2013ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೊದ ಸುರಕ್ಷತಾ ನಿರ್ವಹಣೆಯ ನಿಯಮಾವಳಿ ಆನೆಕ್ಸ್ 19ರಲ್ಲೇ ಸುರಕ್ಷತಾ ಮಾಹಿತಿಗೆ ರಕ್ಷಣೆ ಕೊಡಬೇಕು ಎಂದಿದೆ. ಮೂರನೆಯದು, ಸ್ಟೋರ್ಸ್‌ನಲ್ಲಿ ಪ್ಲಗ್ ಮತ್ತು ಓ-ರಿಂಗ್ ಒಂದೇ ಚೀಲದಲ್ಲಿ ಕೊಡುವ ಹಾಗೆ ಮಾಡಿಸಿ, "ನಿಮ್ಮಲ್ಲೊಬ್ಬರು ಹೇಳಿದ್ದಕ್ಕೆ ಇದು ಬದಲಾಯ್ತು" ಅಂತ ಉಪಕರಣ ಕೊಡುವ ಜಾಗದ (ಟೂಲ್ ಕ್ರಿಬ್) ಬೋರ್ಡಿಗೆ ಚೀಟಿ ಅಂಟಿಸಿದೆ. ಆ ಚೀಟಿ ಮಾಡಿದಷ್ಟು ಕೆಲಸ ಆ್ಯಪ್ ಮಾಡಲಿಲ್ಲ.

ಇನ್ನೊಂದು ಮಾತು. ರಾತ್ರಿ ಎರಡರಿಂದ ನಾಲ್ಕರ ತನಕ ಹ್ಯಾಂಗರ್‌ನಲ್ಲಿ ಇರಿ, ಶಿಫ್ಟ್ ಹಸ್ತಾಂತರ ಆಗುವಾಗಲೂ ಇರಿ. 1991ರ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ 2574 ಬಿದ್ದು 14 ಜನ ಸತ್ತರು. ಹಿಂದಿನ ರಾತ್ರಿ ಒಂದು ಶಿಫ್ಟ್‌ನವರು ಬಾಲದ ಎಡಗಡೆ ಮೇಲಿನಿಂದ 47 ಸ್ಕ್ರೂ ಬಿಚ್ಚಿದ್ದರು, ಆ ವಿಷಯ ಮುಂದಿನ ಶಿಫ್ಟ್‌ಗೆ ಸರಿಯಾಗಿ ತಲುಪಲಿಲ್ಲ. ಇಂಥದ್ದು ಮೇಜಿನ ಮುಂದೆ ಕೂತರೆ ಕಾಣುವುದಿಲ್ಲ.

ನಮ್ಮಲ್ಲಿ ಮತ್ತೆ ರಿಪೋರ್ಟ್ ಬರಲು ಒಂದೂವರೆ ವರ್ಷ ಹಿಡಿಯಿತು. ಟಾರ್ಗೆಟ್ ಬಗ್ಗೆ ಮೀಟಿಂಗ್ ಕರೆಯುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹ್ಯಾಂಗರ್‌ನಲ್ಲಿ ಕೊನೆಯದಾಗಿ ಬಾಯಿಬಿಟ್ಟವರು ಯಾರು, ಅವರಿಗೆ ಆಮೇಲೆ ಏನಾಯ್ತು ಅಂತ ವಿಚಾರಿಸಿ. ನಿಮಗೆ ಗೊತ್ತಿಲ್ಲದಿರಬಹುದು, ನೈಟ್ ಶಿಫ್ಟ್‌ನವರಿಗೆ ಖಂಡಿತ ಗೊತ್ತಿರುತ್ತದೆ.