ಅಕ್ಕನ ಅಮೆರಿಕ ಸಲಹೆ ಸೋಲ್‌ನಲ್ಲಿ ಎಷ್ಟು ನಡೆಯತ್ತೆ?

ಕ್ಲಾಸಲ್ಲಿ ಕೈ ಎತ್ತಿ ಮಾತಾಡು, ಪ್ರೊಫೆಸರ್ ರೂಮಿಗೆ ಹೋಗಿ ಕೇಳು, ಹಗಲೂ ರಾತ್ರಿ ಕೂತು ಓದಿದ್ರೆ ಪುಸ್ತಕದ ಹುಳ ಅಂತ ನಗ್ತಾರೆ. ಒಹಾಯೋದಲ್ಲಿ ಓದಿದ ನಿಮ್ಮಕ್ಕ ಹೇಳಿದ ಈ ಮೂರು ಮಾತು, ಸೆಪ್ಟೆಂಬರ್ ಸೆಮಿಸ್ಟರ್‌ಗೆ ಇಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಎಂಜಿನಿಯರಿಂಗ್ ಸೇರ್ತಿರೋ ನಿಮಗೂ ಸಾಕಾ ಅಂತ ಕೇಳಿದ್ದೀರಿ. ಮೊದಲೆರಡು ಅರ್ಧಂಬರ್ಧ ನಡೆಯತ್ತೆ. ಮೂರನೇದನ್ನ ಮರೆತುಬಿಡಿ.

‘ಓದೋದು ಕುಂಡಿಯಿಂದ’ ಅಂತ ಕೊರಿಯನ್ನರದ್ದೇ ಒಂದು ಮಾತಿದೆ. ಕೂತ ಜಾಗ ಬಿಟ್ಟು ಏಳದವನೇ ಓದೋನು. ನವೆಂಬರಿನ ‘ಸುನುಂಗ್’ ಅನ್ನೋ ಕಾಲೇಜು ಪ್ರವೇಶ ಪರೀಕ್ಷೆಗೆ ಇಲ್ಲಿನ ಹುಡುಗರು ವರ್ಷಗಟ್ಟಲೆ ಹೀಗೆ ಕೂತೇ ಬಂದಿರ್ತಾರೆ; ಅವತ್ತು ಇಂಗ್ಲಿಷ್ ಕೇಳಿಸ್ಕೊಂಡು ಬರೆಯೋ ಭಾಗ ನಡೆಯೋ ಹೊತ್ತಲ್ಲಿ ದೇಶದಲ್ಲಿ ವಿಮಾನ ಏರೋದಿಲ್ಲ, ಇಳಿಯೋದಿಲ್ಲ. ಹಾಗಾಗಿ ಕಷ್ಟಪಟ್ಟು ಓದೋದನ್ನ ನೋಡಿ ಇಲ್ಲಿ ಯಾರೂ ನಗಲ್ಲ.

ನಿಮ್ಮನ್ನ ನಿಜವಾಗಿ ಕಾಡೋದು ಗ್ರೇಡು. ಅಕ್ಕನ ಕಾಲೇಜಲ್ಲಿ ಎಲ್ಲರಿಗೂ 93 ಬಂದ್ರೆ ಎಲ್ಲರಿಗೂ ಎ ಸಿಕ್ಕಿರಬಹುದು. ಇಲ್ಲಿ ಬಹಳಷ್ಟು ಕೋರ್ಸುಗಳಲ್ಲಿ ಪಕ್ಕದವರ ಜೊತೆ ತೂಗಿ ಗ್ರೇಡ್ ಕೊಡ್ತಾರೆ. 40 ಜನರ ಕ್ಲಾಸಲ್ಲಿ ಎ ಸಿಗೋದು ಸಾಮಾನ್ಯವಾಗಿ 12ರಿಂದ 16 ಜನಕ್ಕೆ ಅಷ್ಟೇ. 93 ತಗೊಂಡೂ ಬಿ ಬರಬಹುದು. ಅದಕ್ಕೇ ಹಳೇ ಪ್ರಶ್ನೆಪತ್ರಿಕೆಗಳ ಕಟ್ಟಿಗೆ ಚಿನ್ನದ ಬೆಲೆ. ಅದಕ್ಕೆ ‘ಜೊಕ್ಬೊ’ ಅಂತಾರೆ, ಪದದ ಅರ್ಥ ವಂಶಾವಳಿ! ಸೀನಿಯರ್‌ಗಳಿಂದ ಕಾಕಾವೊಟಾಕ್ (ನಮ್ಮ ವಾಟ್ಸಾಪ್ ಥರದ ಆ್ಯಪ್) ಗುಂಪುಗಳಲ್ಲಿ ಕೈ ಬದಲಾಗತ್ತೆ, ಅದೂ ಕೊರಿಯನ್ನಿನಲ್ಲಿ. ಹೊರಗಿಂದ ಬಂದವರು ಎಷ್ಟೋ ಸಲ ಹಿಂದೆ ಬೀಳೋದು ಇಲ್ಲೇ, ಬುದ್ಧಿ ಕಮ್ಮಿಯಾಗಿ ಅಲ್ಲ. ಮೊದಲ ವಾರವೇ ವಿಭಾಗದ ಗುಂಪಿಗೆ ಸೇರಿಕೊಳ್ಳಿ, ಸೀನಿಯರ್ ಕರೆದ ಊಟ ತಪ್ಪಿಸಬೇಡಿ.

ಹಾಜರಿ ಹೆಚ್ಚುಕಮ್ಮಿ ನಮ್ಮೂರಿನ 75ರ ಲೆಕ್ಕದ ಹಾಗೇ: ಯೂನಿವರ್ಸಿಟಿ ನೋಡ್ಕೊಂಡು ಕಾಲು ಭಾಗ ಅಥವಾ ಮೂರನೇ ಒಂದು ಭಾಗ ತಪ್ಪಿದ್ರೆ ನೇರ ಎಫ್. ಮಿಡ್‌ಟರ್ಮ್ 8ನೇ ವಾರ, ಫೈನಲ್ 15 ಅಥವಾ 16ನೇ ವಾರ. ಅಮೆರಿಕದ ಹಾಗೆ ವಾರವಾರದ ಹೋಂವರ್ಕ್ ಕಾಪಾಡತ್ತೆ ಅಂತ ನಂಬಿ ಕೂರಬೇಡಿ, ಎಷ್ಟೋ ಕಡೆ ಈ ಎರಡು ಪರೀಕ್ಷೆಯದ್ದೇ ಭಾರ.

ಪ್ರಶ್ನೆ ಕೇಳೋದಕ್ಕೂ ರೀತಿ ಇದೆ. ಪಾಠದ ಮಧ್ಯೆ ಪ್ರೊಫೆಸರ್ ಮಾತಿಗೆ ಅಡ್ಡ ಹಾಕೋದಕ್ಕಿಂತ ಕ್ಲಾಸ್ ಮುಗಿದ ಮೇಲೆ ಕೇಳಿ. ಇ-ಮೇಲ್ ಆದ್ರೆ ಮೊದಲ ಸಾಲಲ್ಲೇ ವಿಭಾಗ, ವಿದ್ಯಾರ್ಥಿ ಸಂಖ್ಯೆ, ಹೆಸರು, ಆಮೇಲೆ ಪ್ರಶ್ನೆ. ಅಮೆರಿಕದಲ್ಲಿ ಹೆಸರು ಹಿಡಿದು ಕರೆಯೋ ರೂಢಿ ಕೆಲವು ಕಡೆ ಇದ್ದೀತು, ಇಲ್ಲಿ ಯಾವಾಗಲೂ ‘ಕ್ಯೋಸುನಿಮ್’, ಅಂದ್ರೆ ಪ್ರೊಫೆಸರ್ ಅವರೇ.

ಲೈಬ್ರರಿ ಸೀಟನ್ನ ಆ್ಯಪ್‌ನಲ್ಲಿ ಅಥವಾ ಬಾಗಿಲ ಹತ್ತಿರದ ಯಂತ್ರದಲ್ಲಿ ಹಿಡಿಯಬೇಕು, ಅವಧಿ ಮುಗಿಯೋ ಮುಂಚೆ ಮುಂದುವರಿಸಬೇಕು. ಲ್ಯಾಪ್‌ಟಾಪ್ ಮೇಜಿನ ಮೇಲೇ ಬಿಟ್ಟು ಊಟಕ್ಕೆ ಹೋಗೋರೇ ಜಾಸ್ತಿ, ಕಳ್ಳತನದ ಭಯ ಅಷ್ಟಿಲ್ಲ. ಸದ್ದಿನದ್ದೇ ಕಾಟ: ಮೌನದ ಓದುಕೋಣೆಯಲ್ಲಿ ಟೈಪ್ ಮಾಡೋಹಾಗಿಲ್ಲ, ಅದಕ್ಕೆ ಲ್ಯಾಪ್‌ಟಾಪ್ ಕೋಣೆಯೇ ಬೇರೆ. ಪೆನ್ನಿನ ಗುಂಡಿ ಟಿಕ್ ಟಿಕ್ ಒತ್ತುತಾ ಕೂತಿದ್ದು ನೀರು ಕುಡಿದು ವಾಪಸ್ ಬರೋಷ್ಟರಲ್ಲಿ ಮೇಜಿನ ಮೇಲೆ ಹಳದಿ ಚೀಟಿ ಅಂಟಿರತ್ತೆ, ಬಹಳ ಮರ್ಯಾದೆಯ ಕೊರಿಯನ್ನಿನಲ್ಲಿ. ಕ್ಯಾಪ್ ಹಾಕೋ ಪೆನ್ನು ತನ್ನಿ.