ಎರಕದಲ್ಲಿ ನಾವು ಎರಡನೆಯವರು, ಆದರೆ ಆರ್ಡರ್ ಎಲ್ಲಿ?

ಪ್ರಶ್ನೆ: ಬೆಳಗಾವಿಯಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಬೀಡು ಕಬ್ಬಿಣದ ಎರಕವೇ ಹೆಚ್ಚು. ಲೋಹದ ಎರಕದಲ್ಲಿ ಭಾರತಕ್ಕೆ ಜಗತ್ತಿನಲ್ಲಿ ಎರಡನೆಯ ಸ್ಥಾನ ಎನ್ನುತ್ತಾರೆ. ಹಾಗಿದ್ದರೆ ನಮ್ಮಂಥವರ ಆರ್ಡರ್ ಏಕೆ ಹೆಚ್ಚುತ್ತಿಲ್ಲ? ಮಗನನ್ನು ಇದೇ ಉದ್ಯಮಕ್ಕೆ ತರಬಹುದೇ?

ಉತ್ತರ: ಸ್ಥಾನ ನಿಜ. ಅದು ಬಂದ ಬಗೆಯನ್ನೂ ನೋಡಬೇಕು. 2009ರ ಆರ್ಥಿಕ ಹಿಂಜರಿತದಲ್ಲಿ ಅಮೆರಿಕದ ಎರಕ ಸುಮಾರು 74 ಲಕ್ಷ ಟನ್‌ಗೆ ಕುಸಿದಾಗ ನಾವು ಕೂದಲೆಳೆಯಷ್ಟು ಮುಂದಿದ್ದೆವು. ಅವರು ಚೇತರಿಸಿಕೊಂಡ ಮೇಲೆ ಮತ್ತೆ ಹಿಂದೆ ಬಿದ್ದೆವು. 2015ರ ಹೊತ್ತಿಗೆ ಒಂದು ಕೋಟಿ ಟನ್ ದಾಟಿ ಅಮೆರಿಕವನ್ನು ಮತ್ತೆ ಹಿಂದಿಕ್ಕಿದೆವು. 2018ರಲ್ಲಿ ಜಗತ್ತಿನ ಒಟ್ಟು ಎರಕ ಸುಮಾರು 11 ಕೋಟಿ ಟನ್. ಅದರಲ್ಲಿ ಚೀನಾದ್ದೇ 4.9 ಕೋಟಿ, ನಮ್ಮದು 1.3 ಕೋಟಿ. ಇದು ಪೈಪೋಟಿಯೇ ಅಲ್ಲ.

ನನ್ನ ದೃಷ್ಟಿಯಲ್ಲಿ ಟನ್ ಲೆಕ್ಕವೇ ದಾರಿ ತಪ್ಪಿಸುವಂಥದು. ಜರ್ಮನಿಯ ಉತ್ಪಾದನೆ ನಮ್ಮ ಅರ್ಧಕ್ಕೂ ಕಡಿಮೆ, ಆದರೆ ಅಲ್ಲಿನ ಫೌಂಡ್ರಿಗಳು ಆರುನೂರರ ಆಸುಪಾಸು. ನಮ್ಮಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು, ಬಹುಪಾಲು ನಿಮ್ಮಂತೆ ಸಣ್ಣವು; ಹಾಗಾಗಿ ಒಂದೊಂದರ ಪಾಲಿಗೆ ಬರುವ ಕೆಲಸ ಅಲ್ಲಿಗಿಂತ ಕಡಿಮೆ. ಕೊಲ್ಹಾಪುರ, ಕೊಯಮತ್ತೂರು, ರಾಜಕೋಟ್, ಬೆಳಗಾವಿ, ಎಲ್ಲ ಕಡೆಯೂ ಒಂದೇ ಬಗೆಯ ಬಿಡಿಭಾಗಕ್ಕೆ ಪಕ್ಕದವರೊಂದಿಗೇ ದರದ ಜಗ್ಗಾಟ. ದೇಶದ ಟನ್ ಏರಿದರೂ ನಿಮ್ಮ ಪಾಲು ಏರದಿರುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನೊಂದು ಕಾರಣ ಲೋಹದ್ದು. ತೂಕದಲ್ಲಿ ಇಂದಿಗೂ ಬೀಡು ಕಬ್ಬಿಣವೇ ಮುಂದು. ಆದರೆ ಕಾರುಗಳ ತೂಕ ಇಳಿಸುವ ಒತ್ತಡದಿಂದ ಸಿಲಿಂಡರ್ ಹೆಡ್, ಎಂಜಿನ್ ಬ್ಲಾಕ್‌ಗಳು ವರ್ಷಗಳಿಂದ ಅಲ್ಯೂಮಿನಿಯಂಗೆ ಜಾರುತ್ತಿವೆ. ಅದೇ ಗಾತ್ರದ ಭಾಗ ಕಬ್ಬಿಣದ ಮೂರನೇ ಒಂದರಷ್ಟು ತೂಗುವುದರಿಂದ ಕೆಲಸ ಹೆಚ್ಚಿದರೂ ಟನ್ ಕುಗ್ಗಿದಂತೆ ಕಾಣುತ್ತದೆ. ವಿದ್ಯುತ್ ವಾಹನದಲ್ಲಂತೂ ಬ್ಲಾಕೇ ಇಲ್ಲ. ಟೆಸ್ಲಾ 2020ರಿಂದ ಕಾರಿನ ಹಿಂಬದಿಯ ತಳಭಾಗವನ್ನು ದೈತ್ಯ ಡೈಕಾಸ್ಟಿಂಗ್ ಯಂತ್ರದಲ್ಲಿ (ಕರಗಿದ ಲೋಹವನ್ನು ಒತ್ತಡದಿಂದ ಅಚ್ಚಿಗೆ ತುಂಬುವ ಯಂತ್ರ) ಎರಕ ಹೊಯ್ಯುತ್ತಿದೆ. ಆ ಯಂತ್ರಕ್ಕೆ ಬೇಕಾದ ಬಂಡವಾಳ ನಮ್ಮ ಸಣ್ಣ ಉದ್ಯಮಿಗಳ ಕೈಗೆಟಕುವಂಥದ್ದಲ್ಲ. ಅದರ ಹಿಂದೆ ಓಡಬೇಡಿ.

ಪಂಪು, ವಾಲ್ವ್, ಟ್ರ್ಯಾಕ್ಟರ್, ಹೈಡ್ರಾಲಿಕ್ಸ್, ಗಾಳಿಯಂತ್ರ ಇವುಗಳಿಗೆ ಕಬ್ಬಿಣದ ಎರಕ ಬೇಕೇ ಬೇಕು. ಅಲ್ಲಿ ಬೇಡಿಕೆ ವಾಲುತ್ತಿರುವುದು ಎಸ್.ಜಿ. ಐರನ್ (ಒಳಗಿನ ಇಂಗಾಲ ಗುಂಡು ಕಣಗಳಾಗಿರುವ, ಸುಲಭಕ್ಕೆ ಒಡೆಯದ ಬೀಡು ಕಬ್ಬಿಣ) ಕಡೆಗೆ. ಕೋಕ್ ಉರಿಸುವ ಹಳೆಯ ಬಗೆಯ ಕುಲುಮೆ ಕ್ಯುಪೋಲಾವನ್ನೇ ನಂಬಿದ್ದರೆ ಅದಕ್ಕೆ ಕೈಹಾಕುವುದು ಕಷ್ಟ. ವಿದ್ಯುತ್ತಿನಿಂದ ಲೋಹ ಕರಗಿಸುವ ಇಂಡಕ್ಷನ್ ಫರ್ನೇಸ್ ಮತ್ತು ರಾಸಾಯನಿಕ ಪರೀಕ್ಷೆಯ ಸ್ಪೆಕ್ಟ್ರೋಮೀಟರ್ ಎರಡೂ ಬೇಕು. ಎರಕದ ಜೊತೆ ಮಷಿನಿಂಗ್ (ಭಾಗವನ್ನು ಯಂತ್ರದಲ್ಲಿ ಕೊರೆದು ಅಳತೆಗೆ ತರುವುದು) ಕೂಡ ಮಾಡಿಕೊಟ್ಟರೆ ಕಿಲೋ ದರದ ಚೌಕಾಸಿ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ.

ಮಗನ ವಿಚಾರಕ್ಕೆ ಬಂದರೆ, ಮೊದಲು ನಿಮ್ಮ ಆರ್ಡರ್ ಪುಸ್ತಕ ತೆಗೆದು ಎಂಜಿನ್ ಭಾಗಗಳ ಪಾಲು ಎಷ್ಟೆಂದು ನೋಡಿ. ಅರ್ಧಕ್ಕಿಂತ ಹೆಚ್ಚಿದ್ದರೆ ಹೊಸ ಗಿರಾಕಿಗಳನ್ನು ಹುಡುಕುವ ಕೆಲಸವನ್ನೇ ಅವನಿಗೆ ಮೊದಲು ವಹಿಸಿ.